ಶಿವಕಾಂತಾ ಟೀಚರಿಗೆ ಬಿದ್ದ ಪೆಟ್ಟು

ನೆಲೋಗಿಯಿಂದ ಒಂದಿಷ್ಟು ಒಳಗಿರುವ ಹಳ್ಳಿಯ ಹೈಸ್ಕೂಲಿನಲ್ಲಿ ಶಿವಕಾಂತಾ ಪಿ.ಟಿ. ಟೀಚರ್ ಆಗಿ ಹದಿನೇಳು ವರ್ಷವಾಗಿತ್ತು. ಈ ಹದಿನೇಳು ವರ್ಷದಲ್ಲಿ ಕಬಡ್ಡಿ ಅಂಕಣದಲ್ಲಿ ಬಿದ್ದ ಹುಡುಗಿಯರಿಗೆಲ್ಲ ಅವಳು ಕೊಟ್ಟ ಔಷಧ ಒಂದೇ. ಮುಖಕ್ಕೆ ಅರ್ಧ ತಂಬಿಗೆ ನೀರು, ಬೆನ್ನಿಗೊಂದು ಗುದ್ದು, ಮೇಲೆ "ಏನಾಗಿಲ್ಲ, ಏಳಬೇ" ಎಂಬ ಮಾತು. ಮೊಣಕಾಲು ತರಚಿದರೂ ಅದೇ, ಹಲ್ಲು ಅಲುಗಾಡಿದರೂ ಅದೇ. ಹುಡುಗಿಯರು ನೋವಿಗಿಂತ ಆ ತಂಬಿಗೆಗೆ ಹೆದರಿ ಎದ್ದು ನಿಲ್ಲುತ್ತಿದ್ದರು.

ಅಂಥ ಟೀಚರ್ ಒಂದು ಮಂಗಳವಾರ ಮಧ್ಯಾಹ್ನ ತಾನೇ ಬಿದ್ದಳು.

ರೇಡಿಗೆ ಬಂದವಳ ಕಾಲನ್ನು ಹೇಗೆ ಹಿಡಿಯಬೇಕು ಎಂದು ತೋರಿಸಲು ಹೋದದ್ದೇ ನೆಪ. ಒಂಬತ್ತನೇ ತರಗತಿಯ ಜಸ್ಮೀನ ರೇಡಿಗೆ ಬಂದಳು. ತಂಡದಲ್ಲಿ ಅವಳಷ್ಟು ಚುರುಕಾದ ರೇಡರ್ ಇನ್ನೊಬ್ಬಳಿರಲಿಲ್ಲ. ನಲವತ್ತಾರು ವಯಸ್ಸಿನ ಟೀಚರ್ ಹದಿನಾರರ ಹುರುಪಿನಲ್ಲಿ ಅವಳ ಕಾಲಿಗೆ ಜಿಗಿದಳು. ಕಾಲು ಸಿಕ್ಕಿತು, ನಿಜ. ಆದರೆ ಜಸ್ಮೀನಳ ಮೊಣಕಾಲು ಟೀಚರಿನ ಕಪಾಳದ ಮೇಲ್ಭಾಗಕ್ಕೆ ಬಡಿಯಿತು, ಹಿಂದಲೆ ಗಟ್ಟಿ ನೆಲಕ್ಕೆ ಅಪ್ಪಳಿಸಿತು. ಟೀಚರ್ ತಾನಾಗಿಯೇ ಎದ್ದು ಕೂತು, ತನಗೆ ತಾನೇ "ಏನಾಗಿಲ್ಲ" ಎಂದಳು.

ಆಟ ಮುಂದುವರಿಯಿತು. ಸ್ವಲ್ಪ ಹೊತ್ತಿನ ಮೇಲೆ ಟೀಚರ್ ಕೇಳಿದಳು: "ಪಾಯಿಂಟ್ ಎಷ್ಟಾತು?"

"ಒಂಬತ್ತು, ಏಳು ರಿ."

ಎರಡು ನಿಮಿಷ ಬಿಟ್ಟು ಮತ್ತೆ: "ಪಾಯಿಂಟ್ ಎಷ್ಟಾತು?"

ನಾಲ್ಕನೆಯ ಸಲ ಕೇಳಿದಾಗ ಹುಡುಗಿಯರು ಮುಖ ಮುಖ ನೋಡಿಕೊಂಡರು. ಐದನೆಯ ಸಲ ಅವಳು ಜಸ್ಮೀನಳನ್ನು "ಏ ಸರ್ವರಬೇಗಂ" ಎಂದು ಕರೆದಳು. ಸರ್ವರಬೇಗಂ ಜಸ್ಮೀನಳ ಅಕ್ಕ. ಮೂರು ವರ್ಷದ ಹಿಂದೆಯೇ ಈ ಶಾಲೆ ಬಿಟ್ಟು ಜೇವರ್ಗಿಯ ಕಾಲೇಜಿಗೆ ಹೋಗುತ್ತಿದ್ದವಳು. ಜಸ್ಮೀನ ಸೀದಾ ಹೆಡ್‌ಮಾಸ್ತರರ ಕೋಣೆಗೆ ಓಡಿದಳು.

ಸುದ್ದಿ ತಿಳಿದು ಟೀಚರಿನ ಗಂಡ ಭೀಮಶಾ ಹೊಲದಿಂದ ಬಂದವನು ಕೈಕಾಲಿನ ಮಣ್ಣನ್ನೂ ತೊಳೆಯದೆ ಅವಳನ್ನು ಆಟೋದಲ್ಲಿ ಜೇವರ್ಗಿಗೆ ಕರೆದೊಯ್ದ. ದಾರಿಯಲ್ಲಿ ಅವಳು ಒಮ್ಮೆ ವಾಂತಿ ಮಾಡಿಕೊಂಡಳು. ಆದರೂ "ಇದು ಆಟೋದ ಕುಲುಕಾಟರಿ, ನನ್ನ ತಲಿದಲ್ಲ" ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಗೌಸಿಯಾಬೇಗಂ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ನೆಲದ ಗೆರೆಯ ಮೇಲೆ ನಡೆಸಿದರು, ಆಮೇಲೆ ಕೇಳಿದರು: "ಇವತ್ತು ಯಾವ ವಾರ, ಟೀಚರ್?"

"ನಿಮಗೂ ಗೊತ್ತಿಲ್ಲೇನ್ರಿ?"

"ನನಗ ಗೊತ್ತದ. ನೀವು ಹೇಳ್ರಿ."

ಶಿವಕಾಂತಾ ಬಹಳ ಹೊತ್ತು ಗೋಡೆ ನೋಡಿದಳು. ವಾರಕ್ಕೆ ಏಳು ದಿನ ಎನ್ನುವುದು ನೆನಪಿತ್ತು. ಅವುಗಳಲ್ಲಿ ಯಾವುದು ಈಗ ನಡೆದಿದೆ ಎನ್ನುವುದು ಮಾತ್ರ ಕೈಗೆ ಸಿಗಲಿಲ್ಲ. ಆಗ ಮೊದಲ ಸಲ ಅವಳಿಗೆ ಭಯವಾಯಿತು.

ಕಲಬುರಗಿಗೆ ಹೋಗಿ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮರುದಿನ ಅದನ್ನು ಹಿಡಿದುಕೊಂಡು ಅವಳು ಗೆದ್ದವಳಂತೆ ಗೌಸಿಯಾಬೇಗಂ ಅವರ ಮುಂದೆ ಕೂತಳು. "ನೋಡ್ರಿ, ಏನಾಗಿಲ್ಲ. ನಾಳಿಂದ ಡ್ಯೂಟಿಗೆ ಹೋಗ್ತೇನಿ."

"ರಕ್ತ ಸೋರಿಲ್ಲ, ಎಲುಬು ಮುರದಿಲ್ಲ, ಅಷ್ಟೇ ಇದರಾಗ ಕಾಣತದ" ಎಂದರು ಡಾಕ್ಟರ್. "ಮಿದುಳು ಒಳಗ ಅಲುಗಾಡ್ಯಾದ ಟೀಚರ್. ಅದು ಫೋಟೋದಾಗ ಬರಂಗಿಲ್ಲ, ನಿಮ್ಮ ಮಾತಿನಾಗ ಬರ್ತದ. ನಿನ್ನಿ ವಾರ ಮರತಿದ್ರಲ್ಲ, ಅದೇ ರಿಪೋರ್ಟು. ಎರಡು ದಿನ ಪೂರಾ ಆರಾಮ. ಆಮೇಲೆ ಸ್ವಲ್ಪ ಸ್ವಲ್ಪ ಅಡ್ಡಾಡ್ರಿ, ತಲಿನೋವು ಹೆಚ್ಚಾತಂದ್ರ ಅಲ್ಲೇ ನಿಲ್ಲಸ್ರಿ. ಫೋನು, ಟಿವಿ ದೂರ. ಅಂಕಣದ ಕಡೆ ಮಾತ್ರ ನಾ ಹೇಳೋತನಕ ಕಾಲಿಡಬ್ಯಾಡ್ರಿ. ಇದು ಮಾಯೋದ್ರೊಳಗ ಇನ್ನೊಂದು ಪೆಟ್ಟು ಬಿತ್ತಂದ್ರ ಜೀವಕ್ಕ ಬರ್ತದ."

ಆಮೇಲೆ ಭೀಮಶಾನ ಕಡೆ ತಿರುಗಿದರು. "ತಲಿನೋವು ಏರತಾನೇ ಹೋದ್ರ, ಮತ್ತ ಮತ್ತ ವಾಂತಿ ಆದ್ರ, ಎಬ್ಬಿಸಿದ್ರ ಏಳಲಿಲ್ಲಂದ್ರ, ಮಾತು ತೊದಲಿದ್ರ, ಕೈಕಾಲು ಶಕ್ತಿ ಕಳಕೊಂಡ್ರ ತಡ ಮಾಡಬ್ಯಾಡ್ರಿ, ಸೀದಾ ಕರ್ಕೊಂಡ್ ಬರ್ರಿ."

ಭೀಮಶಾ ಅದನ್ನೆಲ್ಲ ಬೀಜದ ಪಾಕೀಟಿನ ಹಿಂದೆ ಬರೆದುಕೊಂಡ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೆಂಡತಿಗೆ ಆಜ್ಞೆ ಮಾಡುವ ಅಧಿಕಾರ ಅವನಿಗೆ ಸರ್ಕಾರಿ ಆಸ್ಪತ್ರೆಯ ಮೂಲಕ ಮೊದಲ ಬಾರಿ ಸಿಕ್ಕಿತ್ತು. ಅವನು ಅದನ್ನು ಬಿಡುವವನಲ್ಲ.

ಮನೆಯಲ್ಲಿ ಅವಳ ಹಾಸಿಗೆಯನ್ನು ಬೆಳಕು ಕಡಿಮೆಯಿದ್ದ ಕೋಣೆಗೆ ಹಾಕಿದ, ಫೋನನ್ನು ತೊಗರಿಬೇಳೆಯ ಡಬ್ಬಿಯಲ್ಲಿ ಬಚ್ಚಿಟ್ಟ, ತಾನೇ ರೊಟ್ಟಿ ಬಡಿಯಲು ಕೂತ. ಮೊದಲ ರೊಟ್ಟಿ ಅವಳ ತಾಟಿಗೆ ಬಂದಾಗ ಶಿವಕಾಂತಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಯಾವ ತಾಲೂಕಿನ ನಕಾಶೆರಿ?"

"ಅಫಜಲಪುರದ್ದು" ಎಂದ ಭೀಮಶಾ. "ಆ ಮೂಲ್ಯಾಗ ಸುಟ್ಟದ್ದು ಸೊನ್ನ ಬ್ಯಾರೇಜು. ಸುಮ್ನ ತಿನ್ನು."

ನಗಲು ಹೋಗಿ ಅವಳಿಗೆ ತಲೆ ಸಿಡಿಯಿತು. ನಕ್ಕರೂ ನೋವು, ಕುಕ್ಕರಿನ ಸೀಟಿಗೂ ನೋವು, ಪಕ್ಕದ ಮನೆಯ ಗಂಗುಬಾಯಿಯ ಮಾತಿಗಂತೂ ವಿಪರೀತ ನೋವು. ಗಂಗುಬಾಯಿ ಸಮಾಧಾನ ಹೇಳಲು ಬಂದವಳು, ತಲೆಗೆ ಪೆಟ್ಟಾಗಿ ಹಾಸಿಗೆ ಹಿಡಿದ ತನ್ನ ನೆಂಟರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನಪಿಸಿಕೊಂಡಳು. ನಾಲ್ಕನೆಯ ನೆಂಟನಿಗೆ ಬರುವಷ್ಟರಲ್ಲಿ ಭೀಮಶಾ ಅವಳನ್ನು ಉಪಾಯವಾಗಿ ಎಮ್ಮೆ ತೋರಿಸಲು ಕರೆದೊಯ್ದ.

ಐದನೆಯ ದಿನ ಶಿವಕಾಂತಾ ಬೇಳೆಯ ಡಬ್ಬಿಗೆ ಕೈಹಾಕಿದಳು. ಫೋನು ತೆಗೆದುಕೊಂಡು ಬಚ್ಚಲುಮನೆಗೆ ಹೋಗಿ, ಚಿಲಕ ಹಾಕಿ, ಕಬಡ್ಡಿ ಪಂದ್ಯ ನೋಡತೊಡಗಿದಳು. ಹತ್ತು ನಿಮಿಷದಲ್ಲಿ ಆಟಗಾರರು ಇಮ್ಮಡಿಯಾದರು, ಗೋಡೆ ತೇಲಿತು. ಹೇಗೋ ಚಿಲಕ ತೆಗೆದು ಹೊಸ್ತಿಲಲ್ಲಿ ಕುಸಿದು ಕೂತಳು. ಭೀಮಶಾ ಓಡಿ ಬಂದ. ಮೊದಲು ಅವಳ ಮುಖ ನೋಡಿದ, ಹೆಸರು ಕೇಳಿದ, ವಾರ ಕೇಳಿದ, ಕೈ ಎತ್ತಿಸಿದ. ಎಲ್ಲ ಸರಿಯಿದೆ ಎಂದಾದ ಮೇಲೆ ನೆಲದ ಮೇಲಿನ ಫೋನು ಕಂಡಿತು. ಅವನು ಸೊಂಟದ ಮೇಲೆ ಕೈಯಿಟ್ಟು, ಥೇಟ್ ಅವಳದೇ ದನಿಯಲ್ಲಿ ಹೇಳಿದ: "ಏನಾಗಿಲ್ಲ, ಏಳಬೇ!"

ಅವಳು ನಗಲಿಲ್ಲ. ಗೋಡೆಗೆ ಒರಗಿ ಕೇಳಿದಳು: "ಅವತ್ತು ನಾ ಜಸ್ಮೀನಗ ಸರ್ವರಬೇಗಂ ಅಂತ ಯಾಕ ಕರದೆ, ಗೊತ್ತೇನ್ರಿ?"

ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ, ಶಾಲೆಯ ಕೊನೆಯ ವರ್ಷದಲ್ಲಿ, ಸರ್ವರಬೇಗಂ ಅದೇ ಅಂಕಣದಲ್ಲಿ ತಲೆ ಬಡಿಸಿಕೊಂಡಿದ್ದಳು. ನೀರು, ಗುದ್ದು, ಮಾತು ಮೂರೂ ಆಗಿದ್ದವು. ವಾರಗಟ್ಟಲೆ ಆ ಹುಡುಗಿ ತಲೆನೋವೆಂದು ಆಟಕ್ಕೆ ಬರಲಿಲ್ಲ. ಶಿವಕಾಂತಾ ಎಲ್ಲರೆದುರು "ನಾಟಕ ಮಾಡಾಕತ್ತಾಳ" ಎಂದಿದ್ದಳು. ಆಮೇಲೆ ಆ ಹುಡುಗಿ ಕಬಡ್ಡಿಯನ್ನೇ ಬಿಟ್ಟಿದ್ದಳು.

ಹತ್ತು ನಿಮಿಷ ನಡೆಯಲು ಅಪ್ಪಣೆ ಸಿಕ್ಕ ದಿನ ಶಿವಕಾಂತಾ ನಡೆದದ್ದು ಆ ಮನೆಯ ಕಡೆಗೆ. ಸರ್ವರಬೇಗಂ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಟೀಚರನ್ನು ಕಂಡು ದುಪಟ್ಟಾ ಸರಿಮಾಡಿಕೊಂಡು ಕುರ್ಚಿ ತಂದಿಟ್ಟಳು.

"ಅವತ್ತು ನಿನಗ ನಾಟಕ ಅಂದಿದ್ದೆ" ಎಂದಳು ಶಿವಕಾಂತಾ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಅಲ್ಲಿಗೇ ನಿಂತಿತು. "ತಪ್ಪಾತವ್ವ."

ಹುಡುಗಿ ಕೈಯಲ್ಲಿದ್ದ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದಳು, ಅದರಲ್ಲಿ ನೀರೇ ಇಲ್ಲದಿದ್ದರೂ. ಆಮೇಲೆ ಮೆಲ್ಲಗೆ ನಕ್ಕಳು. "ಹದಿನೈದು ದಿನ ನನಗ ಬೋರ್ಡಿನ ಮ್ಯಾಲಿಂದೆಲ್ಲ ಎರಡೆರಡು ಕಾಣತಿತ್ತು ಟೀಚರ್. ಗಣಿತದಾಗ ಮಾರ್ಕ್ಸ್ ಮಾತ್ರ ಎರಡು ಪಟ್ಟು ಬರಲಿಲ್ಲ. ಒಳಗ ಬರ್ರಿ, ಅಮ್ಮಿ ಚಾ ಮಾಡಾಕತ್ತಾಳ."

ಇಪ್ಪತ್ತೊಂದು ದಿನ ಕಳೆದ ಮೇಲೆ ಗೌಸಿಯಾಬೇಗಂ ಅವಳಿಗೆ ಅಂಕಣಕ್ಕೆ ಇಳಿಯಲು ಒಪ್ಪಿಗೆ ಕೊಟ್ಟರು. ಅದಾದ ಹನ್ನೆರಡು ದಿನಕ್ಕೆ ಆಳಂದದಲ್ಲಿ ಒಂದು ಯುವಕ ಸಂಘದವರು ಹೈಸ್ಕೂಲು ಹುಡುಗಿಯರ ಪಂದ್ಯ ಇಟ್ಟಿದ್ದರು. ಶಿವಕಾಂತಾಳ ತಂಡ ಫೈನಲಿಗೆ ಬಂತು. ಎದುರಿಗೆ ಅಫಜಲಪುರ ಕಡೆಯ ತಂಡ. ಅವರ ಮಾಸ್ತರ ಗುರುಶಾಂತ, ಗೆಲ್ಲುವ ಮೊದಲೇ ಹಾರ ಹಾಕಿಸಿಕೊಳ್ಳಲು ಕೊರಳು ಸಿದ್ಧವಿಟ್ಟುಕೊಳ್ಳುವ ಮನುಷ್ಯ. ಅವರ ರೇಡರ್ ಭಾಗ್ಯವಂತಿ ಮಾತ್ರ ನಿಜಕ್ಕೂ ಮಿಂಚು.

ಎಂಟು ನಿಮಿಷ ಉಳಿದಿತ್ತು. ಅಫಜಲಪುರದವರು ಮೂರು ಪಾಯಿಂಟ್ ಮುಂದಿದ್ದರು. ರೇಡಿಗೆ ಬಂದ ಭಾಗ್ಯವಂತಿಯನ್ನು ನಾಲ್ವರು ಹಿಡಿದುರುಳಿಸಿದಾಗ ಅವಳ ತಲೆ ಇನ್ನೊಬ್ಬಳ ಮೊಣಕಾಲಿಗೆ ಬಡಿಯಿತು. ಎದ್ದಳು, ಮೈ ಝಾಡಿಸಿಕೊಂಡಳು, ಹೊರಗೆ ಹೋಗುವ ಬದಲು ಶಿವಕಾಂತಾಳ ಹುಡುಗಿಯರ ಸಾಲಿನಲ್ಲೇ ಕೈ ಕೈ ಹಿಡಿದು ನಿಂತುಬಿಟ್ಟಳು. ಜನವೆಲ್ಲ ಹೋ ಎಂದು ನಕ್ಕಿತು. ಶಿವಕಾಂತಾ ನಗಲಿಲ್ಲ. ಸೀದಾ ಗುರುಶಾಂತನ ಹತ್ತಿರ ಹೋದಳು.

"ಸರ್, ಆ ಹುಡುಗಿಗಿ ತಲಿಗಿ ಪೆಟ್ಟಾಗ್ಯಾದ. ಇವತ್ತು ಇನ್ನ ಆಡಸಬ್ಯಾಡ್ರಿ."

ಗುರುಶಾಂತ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಆಹಾ ಟೀಚರ್, ನಮ್ಮ ರೇಡರ್ ಕೂತಳಂದ್ರ ಕಪ್ಪು ತಾನಾಗೇ ನಿಮ್ಮ ಕಡೆ ನಡಕೊಂತ ಬರ್ತದಲ್ಲ! ಭಾಳ ಶಾಣ್ಯಾ ಇದ್ದೀರಿ."

"ಹಂಗಿದ್ರ ನಮ್ಮ ರೇಡರನ್ನೂ ಕೂಡಸ್ತೇನಿ."

ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಅವಳಿಗೇ ತಿಳಿಯಿತು. ಗುರುಶಾಂತನಿಗೂ ತಿಳಿಯಿತು. ಇಷ್ಟು ಜನರೆದುರು ಅವನಿಗೆ ಇಲ್ಲವೆನ್ನಲಾಗಲಿಲ್ಲ.

ಜಸ್ಮೀನ ಓಡಿ ಬಂದಳು. "ನನಗೇನಾಗ್ಯಾದ ಟೀಚರ್?"

"ನಿನಗೇನಾಗಿಲ್ಲ."

"ಮತ್ತ?"

"ಏನಾಗಿಲ್ಲ, ಕೂಡಬೇ."

ಜಸ್ಮೀನ ಟೀಚರಿನ ಮುಖವನ್ನೇ ದಿಟ್ಟಿಸಿದಳು. "ಟೀಚರ್, ಇವತ್ತು ಯಾವ ವಾರ ಹೇಳ್ರಿ?" ಎಂದು ಕೇಳಿದಳು. ಭಾನುವಾರ ಎಂಬ ಉತ್ತರ ಸರಿಯಾಗಿಯೇ ಬಂದಾಗ ಬೇರೆ ದಾರಿಯಿಲ್ಲದೆ ಹೋಗಿ ಭಾಗ್ಯವಂತಿಯ ಪಕ್ಕದಲ್ಲಿ ಕೂತಳು.

ಎರಡು ಪಾಯಿಂಟಿನಿಂದ ಶಿವಕಾಂತಾಳ ಹುಡುಗಿಯರು ಸೋತರು.

ಭಾಗ್ಯವಂತಿ ಪಕ್ಕದವಳನ್ನು ಕೇಳಿದಳು: "ಯಾರು ಗೆದ್ರು?" "ನೀವು" ಎಂದಳು ಜಸ್ಮೀನ. ಸ್ವಲ್ಪ ಹೊತ್ತಿಗೆ ಮತ್ತೆ "ಯಾರು ಗೆದ್ರು?" ಬಂತು. "ನೀವೇ." ಮೂರನೆಯ ಸಲವೂ ಅದೇ ಪ್ರಶ್ನೆ ಬಂದಾಗ ಜಸ್ಮೀನಳಿಗೆ ತಡೆಯಲಾಗಲಿಲ್ಲ. "ನಾವು!" ಎಂದಳು. "ಹೌದಾ?" ಎಂದು ಭಾಗ್ಯವಂತಿ ಪಾಪ ಅಳುವ ಮುಖ ಮಾಡಿ, ಅಲ್ಲಿಯೇ ಬಗ್ಗಿ ವಾಂತಿ ಮಾಡಿಕೊಂಡಳು. ಜಸ್ಮೀನ ಕೂಗಿದ ಕೂಗಿಗೆ ಟೀಚರ್, ಗುರುಶಾಂತ ಇಬ್ಬರೂ ಒಟ್ಟಿಗೆ ಓಡಿ ಬಂದರು.

ಆಳಂದದ ಆಸ್ಪತ್ರೆಯ ಬೆಂಚಿನ ಮೇಲೆ ಗುರುಶಾಂತ ಒಂದು ಮೊಳದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೊದಲು ತೊಡೆಯ ಮೇಲಿತ್ತು, ಆಮೇಲೆ ಪಕ್ಕಕ್ಕೆ ಹೋಯಿತು, ಕೊನೆಗೆ ಯಾರೂ ನೋಡದಂತೆ ಬೆಂಚಿನ ಕೆಳಗೆ ಸೇರಿತು. ಒಳಗಿಂದ ಡಾಕ್ಟರ್ ಬಂದು, ಹುಡುಗಿ ಈಗ ಸರಿಯಾಗಿ ಮಾತಾಡುತ್ತಿದ್ದಾಳೆ, ಸ್ಕ್ಯಾನ್ ಮಾಡಿಸೋಣ, ಒಂದು ದಿನ ಇಟ್ಟುಕೊಂಡು ನೋಡೋಣ, ಹೊರಗೆ ಕೂಡಿಸಿ ಒಳ್ಳೆಯದು ಮಾಡಿದಿರಿ ಎಂದರು. ಅವನು ಶಿವಕಾಂತಾಳ ಕಡೆ ನೋಡಲಾರದೆ ನೆಲ ನೋಡಿದ.

"ಟೀಚರ್, ಈ ಕಪ್ಪು ನೀವೇ ಒಯ್ರಿ."

"ಸೋತದ್ದು ಸೋತದ್ದೇ ಸರ್. ಅದು ನಿಮ್ಮ ಹುಡುಗ್ಯಾರದು." ಅವಳು ಮುಂದುವರಿಸಿದಳು: "ಆದ್ರ ಮಧ್ಯಾಹ್ನದಿಂದ ನಮ್ಮವ್ರು ಏನೂ ತಿಂದಿಲ್ಲ. ಜಸ್ಮೀನಂತೂ ನನ್ನ ಕೂಡ ಮಾತೇ ಬಿಟ್ಟಾಳ."

ಗುರುಶಾಂತ ಎದ್ದು ಹೋದವನು ಎರಡೂ ತಂಡಕ್ಕೆ ಆಗುವಷ್ಟು ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಆಸ್ಪತ್ರೆಯ ಕಾಂಪೌಂಡಿನ ಬೇವಿನ ಮರದ ಕೆಳಗೆ ಇಪ್ಪತ್ತು ಹುಡುಗಿಯರು ಪೇಪರಿನ ಸುತ್ತ ಮುಗಿಬಿದ್ದರು. ಜಸ್ಮೀನ ಮೂರು ಭಜಿ ತಿಂದು ಸಿಟ್ಟಿನಿಂದ ಟೀಚರಿಗೆ ಬೆನ್ನು ಹಾಕಿ ಕೂತಿದ್ದಳು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು, ತಿರುಗದೆಯೇ ಹಿಂದಕ್ಕೆ ಚಾಚಿದಳು.

"ತೊಗೊಳ್ರಿ ಟೀಚರ್. ಖಾರ ಭಾಳ ಅದ, ನಿಮಗಂತಲೇ ಇಟ್ಟೇನಿ."