ದುಃಖದ ಮನೆಯ ಜಮಖಾನ

ಅರುಳ್‌ಮೇರಿ ಜ್ವರದಿಂದ ಆಸ್ಪತ್ರೆಯಲ್ಲಿ ತೀರಿಕೊಂಡಳೆಂಬ ಸುದ್ದಿ ಊರಿಗೆ ಬಂದಾಗ ನಾನು ಚರ್ಚಿನ ಹಿಂಬದಿಯ ಕೋಣೆಯಲ್ಲಿ ಗೋಡೆಗೆ ಒರಗಿದ್ದೆ. ಉಪದೇಶಿ ಸಂದ್ಯಾಗಪ್ಪನವರು ಬಂದು ನನ್ನನ್ನು ಹೆಗಲಿಗೇರಿಸಿದರು. ಆ ಹುಡುಗಿಗೆ ಜಪ ಕಲಿಸಿದವರು ಅವರೇ.

ನಾನು ಒಂದು ಜಮಖಾನ. ಕೈಮಗ್ಗದಲ್ಲಿ, ನೀಲಿ ಕೆಂಪು ಪಟ್ಟೆಗಳೊಡನೆ ಹುಟ್ಟಿದೆ. ನೇಯ್ದವನು ನನ್ನ ಮೇಲೆ ಮದುವೆಯವರು ಕೂರುವರೆಂದು ಎಣಿಸಿದ್ದ. ಆದರೆ ನನ್ನನ್ನು ಕೊಂಡವರು ಚರ್ಚಿನ ತಾಯಂದಿರ ಸಭೆಯವರು, ಅದೂ ಸಾವಿನ ಮನೆಗಳಿಗಾಗಿ. ಸಾವಾದ ಮನೆಯಲ್ಲಿ ಒಂಬತ್ತು ಸಂಜೆ ನನ್ನನ್ನು ಹಾಸಿ ಊರವರು ಜಪಸರದ ಮಣಿ ಎಣಿಸುತ್ತ ಪ್ರಾರ್ಥನೆ ಹೇಳುತ್ತಾರೆ. ಕೊನೆಯ ಸಂಜೆ ಆ ಮನೆಯವರೇ ನನ್ನನ್ನು ಕೊಡವಿ, ಸುತ್ತಿ, ಚರ್ಚಿಗೆ ತಂದಿಡಬೇಕು. ಅದು ಪದ್ಧತಿ.

ಜನರನ್ನು ನಾನು ಬಲ್ಲದ್ದು ಅವರ ಮಂಡಿಗಳಿಂದ, ಹಿಮ್ಮಡಿಗಳಿಂದ. ದುಃಖದಲ್ಲಿರುವವರು ಕೂತಲ್ಲೇ ನನ್ನ ಅಂಚಿನ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಅರುಳ್‌ಮೇರಿಯ ತಾಯಿ ಲೂರ್ದಮ್ಮನೂ ಹಾಗೇ ಕೂತಿದ್ದಳು.

ಕೊನೆಯ ಸಂಜೆ ಹೆಂಗಸೊಬ್ಬಳು ಕೇಳಿದಳು: “ಜಮಖಾನ ಸುತ್ಲಾ ಅಕ್ಕ?”

“ಇರ್ಲಿ ಬುಡವ್ವ. ನಾಳೆ ಯಾರಾರ ಬಂದ್ರೆ ಕೂತ್ಕಬೇಕಲ್ಲ.”

ಮರುದಿನ ಯಾರೂ ಬರಲಿಲ್ಲ. ಅವರವರ ಕೆಲಸ ಅವರವರಿಗೆ. ಲೂರ್ದಮ್ಮ ನನ್ನ ಒಂದು ಮೂಲೆಯಲ್ಲಿ ಕೂತಳು. ನನ್ನ ಉಳಿದ ಭಾಗವೆಲ್ಲ ಬರಿದಾಗಿ ಬಿದ್ದಿತ್ತು. ವಾರಗಳಾದವು. ಸಂದ್ಯಾಗಪ್ಪನವರು ಬಂದು ಹಾಸ್ಯ ಮಾಡಿದರು: “ಏನವ್ವ, ನಮ್ ಜಮಖಾನ ನಿಮ್ಮನೇಲಿ ಬೇರು ಬುಟ್ಟದಾ?”

“ಬುಡ್ಲಿ. ಇದ್ನ ಸುತ್ಬುಟ್ರೆ ಎಲ್ಲ ಮುಗೀತು ಅಂತ ಅಲ್ವಾ? ಆಮೇಲೆ ನನ್ ಮಗಳನ್ನ ನೆನೆಯೋರು ಯಾರು?”

ಅವರು ಅವಳ ಪಕ್ಕ ಕೂತು ಒಂದು ಜಪಸರ ಹೇಳಿ, ನನ್ನನ್ನು ವಾಪಸು ಕೇಳದೆಯೇ ಎದ್ದುಹೋದರು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪಕ್ಕದ ಬೀದಿಯ ರಾಯಪ್ಪ ತೆಂಗಿನ ಮರದಿಂದ ಬಿದ್ದು ಸತ್ತ. ಸಂದ್ಯಾಗಪ್ಪನವರು ಮತ್ತೆ ಬಂದು ಹೊಸಿಲಾಚೆಯೇ ನಿಂತರು.

“ರಾಯಪ್ಪನ ಹೆಂಡ್ತಿ ಜ್ಞಾನಮ್ಮ ಬರೀ ನೆಲದ ಮೇಲೆ ಕೂತವ್ಳೆ ಕಣವ್ವ.”

ಲೂರ್ದಮ್ಮ ಬಹಳ ಹೊತ್ತು ನನ್ನ ಮೈಮೇಲೆ ಅಂಗೈ ಇಟ್ಟುಕೊಂಡಿದ್ದಳು. ಆಮೇಲೆ ಎದ್ದು, ನನ್ನನ್ನು ಅಂಗಳಕ್ಕೆ ಎಳೆದು ಕೊಡವಿದಳು.

“ಕೊಡವ್ವ, ನಾ ಹೊತ್ಕತೀನಿ.”

“ಬ್ಯಾಡಿ. ಈ ವಯಸ್ನಲ್ಲಿ ನೀವು ಬಿದ್ರೆ ನಿಮಗೂ ಇದನ್ನೇ ಹಾಸ್ಬೇಕಾಯ್ತದೆ.”

ಮಗಳು ಹೋದ ಮೇಲೆ ಅವಳಾಡಿದ ಮೊದಲ ತಮಾಷೆ ಅದು. ಹೇಳಿ, ಅಳುತ್ತಲೇ ನನ್ನನ್ನು ಹೊತ್ತಳು.

ಆ ಮನೆಯಲ್ಲಿ ನನ್ನನ್ನು ಹಾಸಿ, ಜ್ಞಾನಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ಯಾವಾಗ ಕಮ್ಮಿ ಆಯ್ತದೆ ಅಕ್ಕ ಇದು?” ಜ್ಞಾನಮ್ಮ ಕೇಳಿದಳು.

“ನಂಗೊತ್ತಿಲ್ಲ ಕಣವ್ವ. ನಂಗಿನ್ನೂ ಆಗಿಲ್ಲ. ಇವತ್ತು ಇಲ್ಲೇ ಇರ್ತೀನಿ, ಅಳು.”

ಈಗ ನಾನು ತೆಳ್ಳಗಾಗಿದ್ದೇನೆ. ಹೊಸ ಜಮಖಾನ ಬಂದಿದೆ. ನನ್ನದು ಕೋಣೆಯ ಮೂಲೆ. ಎಷ್ಟೋ ಮನೆಗಳಲ್ಲಿ ನನ್ನನ್ನು ಹಾಸಿದ್ದಾರೆ. ಎಲ್ಲಿಯೂ ದುಃಖವನ್ನು ನಾನು ಕಳೆಯಲಿಲ್ಲ. ಇಬ್ಬರು ಒಟ್ಟಿಗೆ ಕೂರಲು ಜಾಗ ಕೊಟ್ಟೆ, ಅಷ್ಟೆ. ದೇವರು ನನ್ನಿಂದ ಕೇಳಿದ್ದು ಅಷ್ಟೇ ಇರಬೇಕು.

ರಾಯಪ್ಪನ ಮನೆಯಲ್ಲಿ ಆ ಸಂಜೆ ಪ್ರಾರ್ಥನೆ ನಡೆಸಿದವಳು ಲೂರ್ದಮ್ಮ. ಮೃತರ ಹೆಸರುಗಳ ಸಾಲಿನಲ್ಲಿ ಮಗಳ ಹೆಸರನ್ನು ಅಲ್ಲಿಯವರೆಗೆ ಅವಳ ಬಾಯಿ ಹೇಳಿರಲಿಲ್ಲ. ನನ್ನ ಮೇಲೆ ಮಂಡಿಯೂರಿ, ತಡೆದು ತಡೆದು ಹೇಳಿದಳು:

“ಕರುಣೆಯುಳ್ಳ ತಂದೆಯೇ, ರಾಯಪ್ಪನನ್ನೂ ನನ್ನ ಮಗಳು ಅರುಳ್‌ಮೇರಿಯನ್ನೂ ನಿನ್ನ ಬಳಿ ಇಟ್ಟುಕೋ. ಅವರ ಆತ್ಮಗಳಿಗೆ ಶಾಂತಿ ಕೊಡು. ಆಮೆನ್.”