ಎರಡನೆಯ ಕೊಕ್ಕೆ

ರಜೆಯ ದಿನ ಬೆಳಗ್ಗೆ ದಿಂಬಿನ ಗವಸುಗಳನ್ನೆಲ್ಲ ಬಿಚ್ಚಿ ಒಗೆಯಲು ಹಾಕುವುದು ಅವಳ ರೂಢಿ. ಗಂಡ ಆರೂವರೆಗೇ ಕೆಲಸಕ್ಕೆ ಹೋಗಿದ್ದ. ಒಂಬತ್ತು ವರ್ಷದ ಮಗಳು ಹೊರಕೋಣೆಯಲ್ಲಿ ಟ್ಯಾಬ್ಲೆಟ್ ಹಿಡಿದು ಕುಳಿತಿದ್ದಳು. ಮೂರು ಗವಸು ಬಕೆಟ್ಟಿಗೆ ಬಿದ್ದವು. ನಾಲ್ಕನೆಯದು ಮಗಳದ್ದು, ಯಾಕೋ ಭಾರವಾಗಿತ್ತು. ಕೊಡವಿದಳು. ಒಳಗಿಂದ ಏನೋ ಜಾರಿ ಕಾಲ್ಬೆರಳ ಮೇಲೆ ಬಿತ್ತು. ನೋವಿನಲ್ಲೇ ಬಗ್ಗಿ ನೋಡಿದರೆ ಅಂಗೈಯಗಲದ ಉಕ್ಕಿನ ಕೊಕ್ಕೆ. ಗುರುತಿಗೆಂದು ಅದರ ಬೆನ್ನಿಗೆ ಕೆಂಪು ಟೇಪು ಸುತ್ತಿತ್ತು. ಆ ಟೇಪು ಸುತ್ತಿದವಳು ಅವಳೇ.

ಅವಳ ಗಂಡ ಎತ್ತರದ ಕಟ್ಟಡಗಳ ಗಾಜು ಒರೆಸುವವನು. ಮಾಳಿಗೆಯ ಮೇಲಿಂದ ಹಗ್ಗ ಇಳಿಬಿಟ್ಟು, ಸೊಂಟದ ಬೆಲ್ಟಿನ ಕೊಕ್ಕೆಗೆ ಸಿಕ್ಕಿಸಿಕೊಂಡು, ಮಹಡಿ ಮಹಡಿ ಇಳಿಯುತ್ತ ಒರೆಸಬೇಕು. ಮೊದಲನೆಯ ಕೊಕ್ಕೆ ಭಾರ ಹೊರುತ್ತದೆ. ಎರಡನೆಯದು, ಈ ಕೆಂಪು ಟೇಪಿನದು, ಇನ್ನೊಂದು ಹಗ್ಗಕ್ಕೆ, ಮೊದಲನೆಯದು ಕೈಕೊಟ್ಟರೆ ಹಿಡಿಯಲು. ‘ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ಕೆಲ್ಸ ಮಾಡಿಲ್ಲ ಕಣೇ, ಕೂತು ತಿನ್ನೋ ಆಸಾಮಿ ಇದು’ ಎಂದು ಅವನು ಅದನ್ನು ತೋರಿಸಿ ನಗುತ್ತಿದ್ದ.

ಅಂದರೆ ಇದಿಲ್ಲದೆಯೂ ಅವನು ಇಳಿದುಬಿಡಬಹುದು.

ಗೋಡೆ ಗಡಿಯಾರದಲ್ಲಿ ಎಂಟೂ ಹತ್ತು. ಎಂಟೂವರೆಗೆ ಇಳಿಯಲು ಶುರು. ಅವನ ನಂಬರಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮೇಲೆ ಹೋದಮೇಲೆ ಫೋನು ಚೀಲದಲ್ಲಿರುತ್ತದೆ ಎಂದು ಗೊತ್ತಿದ್ದೂ ಇನ್ನೊಮ್ಮೆ ಮಾಡಿದಳು. ಸೂಪರ್‌ವೈಸರ್ ನಂಬರ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಅದು ಬ್ಯುಸಿ.

ತಿರುಗಿ ನೋಡಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಕೊಕ್ಕೆಯ ಮೇಲೇ ಇತ್ತು.

“ಇದನ್ನ ನೀನು ತೆಗೆದಿಟ್ಯಾ?”

ಮಗಳು ಹೌದೆಂದು ತಲೆಯಾಡಿಸಿದಳು.

“ಯಾವಾಗ ಕಂದ?”

“ಬೆಳಗ್ಗೆ, ಅಪ್ಪ ಸ್ನಾನಕ್ಕೆ ಹೋದಾಗ.”

ಅವನು ಚೀಲ ನೋಡಿಕೊಳ್ಳುವುದು ಹಿಂದಿನ ರಾತ್ರಿ. ಬೆಳಗ್ಗೆ ಹೆಗಲಿಗೇರಿಸಿ ಹೊರಡುವುದಷ್ಟೆ. ಬೈಯಲು ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಈಗ ಬೈದರೆ ಈ ಹುಡುಗಿಯ ಬಾಯಿ ಇನ್ನೊಂದು ತಿಂಗಳು ತೆರೆಯುವುದಿಲ್ಲ. ಮತ್ತೆ ನಂಬರ್ ಒತ್ತಿದಳು. ಬ್ಯುಸಿ.

“ಯಾಕೆ ತೆಗೆದೆ, ಹೇಳು. ಅಮ್ಮ ಬೈಯಲ್ಲ.”

“ಅದಿಲ್ದಿದ್ರೆ ಅಪ್ಪ ಇಳಿಯೋಕಾಗದೆ ವಾಪಸ್ ಬರ್ತಾನೆ ಅನ್ಕೊಂಡೆ. ದಾಳ ಹಾಕದೇ ಇದ್ರೆ ಒಂದು ಬೀಳೋದೇ ಇಲ್ಲ, ಮಾವನೇ ಹೇಳಿದ್ದು.”

ತಾಯಿಗೆ ಆಗ ಎಲ್ಲ ತಿಳಿಯಿತು. ಟ್ಯಾಬ್ಲೆಟ್ಟಿನ ಆ ಆಟ ಕಲಿಸಿದ್ದು ಅವಳ ತಮ್ಮ. ಚೌಕಳಿ ಮೈದಾನ, ಒಂದು ಚೆಂಡು, ಎರಡು ತಂಡ. ತಂಡದಲ್ಲಿ ರಾಕ್ಷಸರು, ಕುಳ್ಳರು, ನಡೆದಾಡುವ ಮರಗಳು. ಒಂದು ತಂಡಕ್ಕೆ ಮಗಳು ಕೋಚ್, ಇನ್ನೊಂದಕ್ಕೆ ಮಾವ; ಒಂದು ಸರದಿ ಇವಳದ್ದು, ಒಂದು ಅವನದ್ದು. ಸುಮ್ಮನೆ ನಡೆದರೆ ಭಯವಿಲ್ಲ. ಹಾರಬೇಕು, ನುಸುಳಬೇಕು ಎಂದರೆ ದಾಳ ಹಾಕಬೇಕು, ಒಂದು ಬಿದ್ದರೆ ಆಟಗಾರನೂ ಬಿದ್ದ. ಬಿದ್ದವನು ಒಮ್ಮೊಮ್ಮೆ ಏಳುವುದೇ ಇಲ್ಲ. ಅಪ್ಪ ಸಂಜೆ ಬಂದವನೇ “ಏನ್ ಕೋಚಮ್ಮ, ಇವತ್ತು ಯಾರ ಹಲ್ಲು ಉದುರಿಸ್ದೆ?” ಎಂದು ಕೇಳುತ್ತಿದ್ದ.

ಕೋಚಮ್ಮನಿಗೆ ಚುರುಕ ಎಂಬ ಕುಳ್ಳನ ಮೇಲೆ ಪ್ರಾಣ. ಕಳೆದ ತಿಂಗಳು ಅವನು ಎಂದಿನ ಹಾಗೆಯೇ ಒಂದು ಚೌಕ ಹಾರಿದ. ಒಂದು ಬಿತ್ತು. ಅವನು ಏಳಲೇ ಇಲ್ಲ, ಪಟ್ಟಿಯಲ್ಲಿ ಅವನ ಹೆಸರು ಬೂದುಬಣ್ಣಕ್ಕೆ ತಿರುಗಿತು. ‘ಇಪ್ಪತ್ತಾರು ಸಲ ಹಾರಿದ್ದನಮ್ಮ, ಇಪ್ಪತ್ತಾರು ಸಲವೂ ಏನೂ ಆಗಿರ್ಲಿಲ್ಲ’ ಎಂದು ಅಡುಗೆಮನೆಗೆ ಬಂದು ಹೇಳಿದ್ದಳು. ‘ಆಟ ತಾನೇ, ಇನ್ನೊಬ್ಬನ್ನ ತಗೋ’ ಎಂದು ತಾಯಿ ತರಕಾರಿ ಹೆಚ್ಚುತ್ತಲೇ ಸಾಗಹಾಕಿದ್ದಳು. ಆ ರಾತ್ರಿ ಊಟಕ್ಕೆ ಕುಳಿತಾಗ ಮಗಳು ಅಪ್ಪನನ್ನು, ಇಲ್ಲೀತನಕ ಎಷ್ಟು ಸಲ ಹಗ್ಗದಲ್ಲಿ ಇಳಿದಿದ್ದೀಯ ಎಂದು ಕೇಳಿದ್ದಳು. ‘ಲೆಕ್ಕ ಯಾರಿಟ್ಟಿದ್ದಾರೆ, ಸಾವಿರ ಆಗಿರಬೇಕು’ ಎಂದು ಅವನು ಮೀಸೆ ಒರೆಸಿಕೊಂಡಿದ್ದ. ಮಗಳು ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ.

ಎಂಟೂ ಇಪ್ಪತ್ತೆರಡಕ್ಕೆ ಸೂಪರ್‌ವೈಸರ್ ಫೋನ್ ಎತ್ತಿದ.

“ನಮ್ಮ ಯಜಮಾನ್ರು ಇಳಿದ್ರಾ?” ಅವಳು ಉತ್ತರಕ್ಕೆ ಕಾಯಲಿಲ್ಲ. “ಅವರ ಎರಡನೇ ಕೊಕ್ಕೆ ಮನೇಲಿದೆ. ಇಲ್ಲಿ, ನನ್ನ ಕೈಯಲ್ಲಿದೆ.”

“ಏನಂದ್ರಿ?” ಎಂದವನು ಮರುಕ್ಷಣ ಫೋನನ್ನು ಬಾಯಿಂದ ದೂರ ಹಿಡಿದು ಯಾರನ್ನೋ ಕೂಗಿದ. ಮೆಟ್ಟಿಲು ಹತ್ತುವ ಬೂಟಿನ ಸದ್ದು. ಏದುಸಿರು. ಕಬ್ಬಿಣದ ಬಾಗಿಲು ಕಿರುಗುಟ್ಟಿತು, ಆಮೇಲೆ ಬರೀ ಗಾಳಿ. ಅವಳು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಗಳ ಭುಜ ಹಿಡಿದು ನಿಂತಳು. ಗಾಳಿಯ ಸದ್ದಿನೊಳಗೆ ಮಾತು ಕೇಳಿಸೀತೆಂದು ಫೋನನ್ನು ಕಿವಿಗೆ ಒತ್ತಿಕೊಂಡಳು.

“ಏನೇ, ಗ್ಯಾಸ್ ಮುಗೀತಾ?”

ಗಂಡನ ದನಿ.

“ಎಲ್ಲಿದ್ದೀರಿ?”

“ಮಾಳಿಗೆ ಅಂಚಲ್ಲಿ.” ಅವನು ಸ್ವಲ್ಪ ತಡೆದ. “ಒಂದು ಕಾಲು ಆಚೆ ಹಾಕಿದ್ದೆ ಕಣೇ. ಎರಡನೇ ಕೊಕ್ಕೆ ಚೀಲದಲ್ಲಿ ಇರ್ಲಿಲ್ಲ. ಎರಡೇ ಮಹಡಿ ಬಾಕಿ, ಅರ್ಧ ಗಂಟೆ ಕೆಲ್ಸ, ಒಂದ್ರಲ್ಲೇ ಮುಗ್ಸೋಣ ಅಂತ. ಈಗ ಈ ಮಹಾನುಭಾವ ಕಾಲರ್ ಹಿಡ್ದು ಒಳಗೆ ಎಳ್ಕೊಂಡ. ಬೇರೆ ಕೊಕ್ಕೆ ತರೋಕೆ ಒಬ್ಬ ಹುಡುಗನ್ನ ಕೆಳಗೆ ಕಳಿಸಿದಾನೆ. ಅದು ಬಂದ ತಕ್ಷಣ ಇಳೀಬೇಕು.”

“ಅದು ಮಗಳ ದಿಂಬಿನ ಗವಸಲ್ಲಿತ್ತು,” ಎಂದಳು ಅವಳು.

“ಕೋಚಮ್ಮ ತೆಗೆದಿದ್ದಾ?” ಅವನ ದನಿ ತಗ್ಗಿತ್ತು. “ಫೋನ್ ಕೊಡು.”

ಅವಳು ಸ್ಪೀಕರ್ ಒತ್ತಿ ಫೋನನ್ನು ಮಗಳ ಮುಂದೆ ಹಿಡಿದಳು. ಮಗಳು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು. ಗಾಳಿ ಬೀಸುತ್ತಿತ್ತು.

“ಹೇಳು ಮಗಾ,” ಎಂದ ಅವನು. “ಕೋಪ ಇಲ್ಲ ನಂಗೆ.”

ಮಗಳು ಅಮ್ಮನ ಮುಖ ನೋಡಿದಳು. ಆಮೇಲೆ ಫೋನಿನ ಹತ್ತಿರ ಬಾಯಿ ತಂದಳು.

“ಅಪ್ಪಾ, ಎರಡೂ ಕೊಕ್ಕೆ ಹಾಕ್ಕೊಂಡ್ರೂ ನೀನು ಬೀಳಬಹುದಾ?”