ಬೀಗ ಹಾಕಿದೆ, ನೋಟಿಸ್ ವಾಪಸ್

ಇಪ್ಪತ್ತಾರು ವರ್ಷದಿಂದ ಕೋರ್ಟಿನ ಅಮೀನ ನಾನು, ನೋಟಿಸ್ ಮುಟ್ಟಿಸೋದೇ ಕೆಲಸ. ತಪ್ಪಿಸಿಕೊಳ್ಳೋಕೆ ಮಂಚದ ಕೆಳಗೆ ನುಗ್ಗಿದವರನ್ನೂ ಹೊರಗೆ ಕರೆದು ಸಹಿ ಹಾಕಿಸಿದ್ದೀನಿ. ಆದರೆ ನಮ್ಮಕ್ಕನ ಕೇಸಿನ ನೋಟಿಸ್ ಮಾತ್ರ ಮೂರು ಸಲ ವಾಪಸ್ ಬಂತು. ಥೂ!

ಅಕ್ಕನ ಟೈಲರ್ ಅಂಗಡಿ ಸುಟ್ಟು ಒಂದು ವರ್ಷ. ಐದು ಮಿಷನ್ನೂ ಕರಕಲು. ವಿಮೆ ಕಂಪನಿಯವರು ಒಮ್ಮೆ ಫೋಟೋ ಸಾಲದು ಅಂದರು, ಇನ್ನೊಮ್ಮೆ ಮಿಷನ್ ಕೊಂಡ ರಸೀದಿ ತನ್ನಿ ಅಂದರು. ಅಂಗಡಿ ಜೊತೆಗೇ ಸುಟ್ಟುಹೋದ ರಸೀದಿ ಎಲ್ಲಿಂದ ತರೋದ್ರಪ್ಪಾ? ಕೊನೆಗೆ ಕೇಸು ಹಾಕಿದೆವು. ಕಂಪನಿಗೆ ನೋಟಿಸ್ ಮುಟ್ಟದೆ ವಿಚಾರಣೆ ಶುರುವಾಗಲ್ಲ. ಅಂಗಡಿ ಮಾಲೀಕ ಬೇರೆ, "ಈ ತಿಂಗಳೊಳಗೆ ವಿಚಾರಣೆ ಶುರುವಾದ್ರೆ ಕಾಯ್ತೀನಿ, ಇಲ್ಲಾಂದ್ರೆ ಅಂಗಡಿ ಬೇರೆಯವರಿಗೆ ಬಾಡಿಗೆಗೆ ಕೊಡ್ತೀನಿ" ಅಂದುಬಿಟ್ಟಿದ್ದ.

"ಊರಿಗೆಲ್ಲ ಕಾಗದ ಮುಟ್ಟಿಸ್ತೀಯ, ಒಡಹುಟ್ಟಿದವಳದ್ದು ಒಂದು ಮುಟ್ಟಿಸೋಕಾಗಲ್ವೇನೋ?" ಅಂತ ಅಕ್ಕ ದಿನಾ ಪ್ರಾಣ ತಿನ್ನೋಳು. ಸಂಬಂಧಿಕರ ಕಾಗದ ನಾವು ಒಯ್ಯೋ ಹಾಗಿಲ್ಲ ಅಂದರೆ ಕೇಳಬೇಕಲ್ಲ! ಒಯ್ದವನು ನನ್ನ ಕೈಯಲ್ಲೇ ಕೆಲಸ ಕಲಿತ ಅಮೀನ; ಅವನ ಗಡ್ಡ ನೋಡಿ ನಾವೆಲ್ಲ ಅವನನ್ನ ಗಡ್ಡ ಅಂತಲೇ ಕರೆಯೋದು. ಮೂರು ಸಲವೂ ಒಂದೇ ಬರೆದಿದ್ದ: "ಬೀಗ ಹಾಕಿದೆ."

ತಲೆ ಕೆಟ್ಟು ನಾನೇ ಒಂದು ಬೆಳಿಗ್ಗೆ ಕಂಪನಿಯ ಆಫೀಸಿಗೆ ಹೋಗಿ ನೋಡಿದೆ. ಬಾಗಿಲು ಹಾರು ಹೊಡೆದಿತ್ತು. ಒಳಗೆ ಹತ್ತು ಜನ ಇದ್ದರು. ಕೋರ್ಟಿಂದ ನೋಟಿಸ್ ತಂದವರು ಯಾರೂ ಬಂದಿರಲಿಲ್ವಾ ಅಂತ ಬಾಗಿಲಲ್ಲೇ ಕೇಳಿದೆ.

"ಗಡ್ಡದೋರಾ? ಯಾವಾಗ್ಲೂ ಒಂದೂವರೆಗೇ ಬರ್ತಾರೆ ಸಾರ್," ಅಂದ ಕಾವಲಿನವನು. "ಊಟಕ್ಕೆ ಅರ್ಧ ಗಂಟೆ ಬೀಗ ಹಾಕ್ತೀವಲ್ಲ, ಆಗ. ಸ್ವಲ್ಪ ಕೂತ್ಕೊಳ್ಳಿ ಅಂದ್ರೂ ಕೇಳಲ್ಲ."

ಮೈಯೆಲ್ಲ ಉರಿದುಹೋಯಿತು. ನೇರ ಹೋಗಿ ಗಡ್ಡನ ಕೊರಳಪಟ್ಟಿ ಹಿಡಿದೆ. ಅವನು ಕಣ್ಣು ಕಣ್ಣು ಬಿಟ್ಟ.

"ನೀವೇ ಹೇಳಿಕೊಟ್ಟಿದ್ದಲ್ವಾ ಗುರುಗಳೇ? ಆಫೀಸಿಗೆ ಒಂದೂವರೆಗೆ ಹೋಗು, ಬೀಗ ನೋಡು, ಬರ್ಕೊಂಡು ಬಾ. ಒಳಗೆ ಹೋದ್ರೆ ಮೇಜಿಂದ ಮೇಜಿಗೆ ಅಲೆಸಿ ಅರ್ಧ ದಿನ ತಿಂತಾರೆ ಅಂತ."

ಹೇಳಿದ್ದೆ. ಹೇಳೋದೇನು, ಹದಿನೈದು ವರ್ಷ ಹಾಗೇ ಮಾಡಿದ್ದೆ.

ನಾಲ್ಕನೇ ನೋಟಿಸನ್ನು ಗಡ್ಡ ಬೆಳಿಗ್ಗೆ ಹತ್ತಕ್ಕೇ ಹೋಗಿ ಮುಟ್ಟಿಸಿದ. ಅಷ್ಟರಲ್ಲಿ ತಿಂಗಳು ಮುಗಿದಿತ್ತು. ಅಕ್ಕ ಅಂಗಡಿ ಬೀಗದಕೈ ವಾಪಸ್ ಕೊಡೋಕೆ ಹೊರಟಾಗ ನಾನೂ ಜೊತೆಗೆ ಹೋದೆ. ದಾರಿಯಲ್ಲಿ ಎಲ್ಲ ಒಪ್ಪಿಕೊಂಡೆ. ಬೈತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹದಿನೈದು ವರ್ಷದಲ್ಲಿ ನನ್ನಂಥೋರು ಎಷ್ಟು ಜನ ಕಾದಿರ್ತಾರೋ?" ಅಂದಳು.

ಬೀಗದಕೈ ಮಾಲೀಕನ ಕೈಗಿಟ್ಟು, ಅಕ್ಕ ನನಗಾಗಿ ನಿಲ್ಲದೆ ಮುಂದೆ ನಡೆದಳು.